ಹಂಪಿಯ ಆಕಾಶ ನನ್ನ ಫೋಟೋಗಳಲ್ಲಿ ಮಾತ್ರ ಏಕೆ ಬಿಳಿ?

ಹೊಸಪೇಟೆ ಟೀಚರ್ · ನವೆಂಬರ್ 5, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಹೊಸಪೇಟೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆರು ತಿಂಗಳ ಹಿಂದೆ ಬೇರೆಯವರು ಬಳಸಿದ ಡಿಎಸ್‌ಎಲ್‌ಆರ್ ಕ್ಯಾಮೆರಾವೊಂದನ್ನು ಕೊಂಡುಕೊಂಡೆ. ಅದರೊಂದಿಗೆ ಬಂದ 18–55 ಮಿ.ಮೀ. ಲೆನ್ಸ್ ಒಂದೇ ನನ್ನ ಆಸ್ತಿ. ಮದುವೆ, ಮುಂಜಿಗಳ ಫೋಟೋ ನನಗೆ ಬೇಡ. ನಮ್ಮ ಬೆಟ್ಟಗಳು, ಬಂಡೆಗಳು, ಹೊಳೆ, ಗದ್ದೆ ಇವುಗಳನ್ನು ತೆಗೆಯಬೇಕು ಎಂಬ ಆಸೆ.

ಕಳೆದ ಭಾನುವಾರ ತಮ್ಮನನ್ನು ಕರೆದುಕೊಂಡು ಮಾತಂಗ ಬೆಟ್ಟ ಹತ್ತಿದೆ. ಸೂರ್ಯ ಮೂಡುವಾಗ ಕಣ್ಣಿಗೆ ಕಂಡದ್ದನ್ನು ಹೇಳಲು ಮಾತು ಸಾಲದು. ಕೇಸರಿ ಆಕಾಶ, ಕೆಳಗೆ ಅಚ್ಯುತರಾಯ ದೇವಸ್ಥಾನದ ಸುತ್ತ ತೆಳುವಾದ ಮಂಜು, ಒಂದರ ಹಿಂದೆ ಒಂದು ಬಂಡೆಗಳ ಸಾಲು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಆಕಾಶ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿ. ಆಕಾಶದಲ್ಲಿ ಬಣ್ಣ ಉಳಿದ ಫೋಟೋಗಳಲ್ಲಿ ಬಂಡೆಗಳೆಲ್ಲ ಇದ್ದಿಲು. ಎಲ್ಲವೂ ಸ್ಪಷ್ಟವಾಗಿ ಬರುತ್ತದೆಂದು ಎಲ್ಲೋ ಓದಿ ಅಪರ್ಚರ್ ಎಫ್ 22 ಇಟ್ಟಿದ್ದೆ. ಆದರೂ ಯಾವುದೂ ಚೂಪಾಗಿಲ್ಲ. ಆಮೇಲೆ ಮೊಬೈಲಿನಲ್ಲಿ ಬಣ್ಣ ಹೆಚ್ಚಿಸಲು ಹೋಗಿ ಕಲ್ಲುಗಳು ಕಿತ್ತಳೆ ಹಣ್ಣಿನ ಬಣ್ಣಕ್ಕೆ ತಿರುಗಿದವು.

ನನ್ನ ಪ್ರಶ್ನೆ ಇಷ್ಟೇ. ಇದು ಲೆನ್ಸಿನ ದೋಷವೇ, ನನ್ನ ದೋಷವೇ? ಹೊಸ ಲೆನ್ಸಿಗೆ ದುಡ್ಡು ಕೂಡಿಸಲು ಶುರು ಮಾಡಬೇಕೇ?

ಕಚ್ಚಾ ಕಡತ · ನವೆಂಬರ್ 5, ರಾತ್ರಿ 10.25

ದುಡ್ಡು ಕೂಡಿಸಬೇಡಿ ಮೇಡಂ. ಆ ಲೆನ್ಸ್ ಸಾಕು.

ಮೊದಲು ಎಫ್ 22ರ ವಿಷಯ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಸಣ್ಣದು. ಆ ಕಿಂಡಿ ತೀರಾ ಸಣ್ಣದಾದಾಗ ಬೆಳಕು ಅದರ ಅಂಚಿಗೆ ತಾಗಿ ಹರಡಿಕೊಳ್ಳುತ್ತದೆ. ಹೀಗಾಗಿ ಇಡೀ ಚಿತ್ರ ಸ್ವಲ್ಪ ಸ್ವಲ್ಪ ಮಸುಕಾಗುತ್ತದೆ. ನಿಮ್ಮಂತಹ ಕ್ಯಾಮೆರಾಗಳಲ್ಲಿ ಎಫ್ 8ರಿಂದ ಎಫ್ 11ರವರೆಗೆ ಇಟ್ಟುಕೊಂಡರೆ ಲೆನ್ಸ್ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ಹಾಗಾದರೆ ಹತ್ತಿರದ ಕಲ್ಲು, ದೂರದ ಗೋಪುರ ಎರಡೂ ಹೇಗೆ ಸ್ಪಷ್ಟವಾಗುತ್ತವೆ ಎಂದು ಕೇಳುತ್ತೀರಿ. ಲೆನ್ಸನ್ನು 18ರಲ್ಲಿ, ಎಂದರೆ ಅತಿ ಅಗಲದ ನೋಟದಲ್ಲಿ ಇಟ್ಟು, ಎಫ್ 8ರಲ್ಲಿ, ಸುಮಾರು ಎರಡು ಮೀಟರ್ ದೂರದ ವಸ್ತುವಿನ ಮೇಲೆ ಫೋಕಸ್ ಮಾಡಿ. ಒಂದು ಮೀಟರ್ ದೂರದಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಸುಮ್ಮನೆ ದೂರದ ಬೆಟ್ಟದ ಮೇಲೆ ಫೋಕಸ್ ಮಾಡಿದರೆ ಮುಂದಿನ ಕಲ್ಲು ಕೆಡುತ್ತದೆ.

ಇನ್ನು ಆಕಾಶ. ಸೆನ್ಸರಿನ ಪ್ರತಿಯೊಂದು ಚುಕ್ಕೆಯನ್ನೂ ಒಂದು ಪುಟ್ಟ ಕೊಡ ಎಂದುಕೊಳ್ಳಿ. ಬೆಳಕು ಅದರಲ್ಲಿ ತುಂಬುತ್ತದೆ. ತುಂಬಿ ಹೊರಗೆ ಹರಿದದ್ದು ಮರಳಿ ಸಿಗುವುದಿಲ್ಲ. ಆದರೆ ತಳದಲ್ಲಿ ಸ್ವಲ್ಪವೇ ನೀರಿದ್ದರೂ ಅದನ್ನು ಅಳೆಯಬಹುದು. ಆದ್ದರಿಂದ ಆಕಾಶ ಉಕ್ಕದಂತೆ ನೋಡಿಕೊಂಡು ಫೋಟೋ ತೆಗೆಯಿರಿ. ಬಂಡೆ ಕಪ್ಪಾಗಿ ಕಂಡರೂ ಚಿಂತಿಸಬೇಡಿ, ಅದನ್ನು ಎಡಿಟ್ ಮಾಡುವಾಗ ಮೇಲೆತ್ತಬಹುದು. ಇದಕ್ಕೆ ಎರಡು ಕೆಲಸ ಮಾಡಬೇಕು. ಕ್ಯಾಮೆರಾದಲ್ಲಿ ಜೆಪೆಗ್ ಬದಲು ರಾ ಫೈಲ್, ಎಂದರೆ ಕ್ಯಾಮೆರಾ ತಿದ್ದದ ಕಚ್ಚಾ ಕಡತ, ಆಯ್ಕೆ ಮಾಡಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಿದ್ದರೆ, 14 ಬಿಟ್ ರಾ ಫೈಲಿನಲ್ಲಿ 16,384. ನೆರಳನ್ನು ಮೇಲೆತ್ತಲು ಸಿಗುವ ಅವಕಾಶ ಅಲ್ಲಿಂದಲೇ ಬರುವುದು. ಎರಡನೆಯದು, ಪರದೆಯ ಮೇಲೆ ಹಿಸ್ಟೋಗ್ರಾಮ್ ತೋರಿಸುವಂತೆ ಮಾಡಿಕೊಳ್ಳಿ. ಚಿತ್ರದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಎಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ ಅದು. ಆ ಗುಡ್ಡದಂತಹ ನಕ್ಷೆ ಬಲಗಡೆಯ ಗೋಡೆಗೆ ಗುದ್ದಿ ನಿಂತಿದ್ದರೆ ಆಕಾಶ ಹೋಯಿತು ಎಂದೇ ಅರ್ಥ.

ಬರೀ ಮೊಬೈಲ್ · ನವೆಂಬರ್ 6, ಬೆಳಿಗ್ಗೆ 7.05

ನನ್ನ ಬಳಿ ಕ್ಯಾಮೆರಾ ಇಲ್ಲ, ಆದರೂ ಒಂದು ಮಾತು. ಮೊಬೈಲಿನಲ್ಲಿ ಆಕಾಶ ಅಷ್ಟು ಬೇಗ ಬಿಳಿಯಾಗದಿರುವುದಕ್ಕೆ ಕಾರಣ, ಅದು ತಾನಾಗಿಯೇ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಹೊಲಿಯುತ್ತದೆ. ಟೀಚರ್, ನೀವೂ ಅದನ್ನೇ ಕೈಯಾರೆ ಮಾಡಬಹುದು. ಟ್ರೈಪಾಡ್ ಮೇಲೆ ಒಂದು ಸರಿಯಾದದ್ದು, ಎರಡು ಸ್ಟಾಪ್ ಕಡಿಮೆಯದು, ಎರಡು ಸ್ಟಾಪ್ ಹೆಚ್ಚಿನದು ಹೀಗೆ ಮೂರು ಚಿತ್ರ ತೆಗೆದು ಆಮೇಲೆ ಸೇರಿಸಿ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ. ನಿಮ್ಮ ಕ್ಯಾಮೆರಾದಲ್ಲಿ ಬ್ರಾಕೆಟಿಂಗ್ ಎಂಬ ಆಯ್ಕೆ ಇದೆಯೇ ನೋಡಿ.

ಹಳೆಯ ಡಾರ್ಕ್‌ರೂಮ್ · ನವೆಂಬರ್ 6, ರಾತ್ರಿ 8.50

ಮೂವತ್ತು ವರ್ಷ ದಾವಣಗೆರೆಯಲ್ಲಿ ಸ್ಟುಡಿಯೋ ನಡೆಸಿ ಈಗ ಮನೆಯಲ್ಲಿ ಕುಳಿತವನು ನಾನು. ಟೀಚರ್ ಅವರೇ, ಬಿಳಿ ಆಕಾಶ ನೋಡಿ ಧೈರ್ಯಗುಂದಬೇಡಿ. ಫೋಟೋಗ್ರಫಿ ಹುಟ್ಟಿದಾಗಿನಿಂದ ಈ ತೊಂದರೆ ಇದೆ, ಅದೂ ನಿಮ್ಮ ಹಂಪಿಯಲ್ಲಿಯೇ ಇತ್ತು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಯ ಫೋಟೋಗಳನ್ನು ತೆಗೆದರು. ಗಾಜೂ ಅಲ್ಲ, ಫಿಲ್ಮೂ ಅಲ್ಲ. ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದಗಳೇ ನೆಗೆಟಿವ್. ಆ ಕಾಲದ ರಾಸಾಯನಿಕಗಳು ನೀಲಿ ಬೆಳಕಿಗೆ ವಿಪರೀತವಾಗಿ ಸ್ಪಂದಿಸುತ್ತಿದ್ದವು, ಉಳಿದ ಬಣ್ಣಗಳಿಗೆ ಬಹಳ ನಿಧಾನ. ಕಲ್ಲಿನ ಗುಡಿ ಮೂಡುವಷ್ಟರಲ್ಲಿ ನೀಲಿ ಆಕಾಶ ಪೂರ್ತಿ ಸುಟ್ಟುಹೋಗುತ್ತಿತ್ತು. ಫ್ರಾನ್ಸಿನಲ್ಲಿ ಗುಸ್ತಾವ್ ಲ ಗ್ರೇ ಅದೇ ವರ್ಷಗಳಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸುತ್ತಿದ್ದರು. ಈಗ ಮೊಬೈಲ್ ಮಿತ್ರರು ಹೇಳಿದ ಹೊಲಿಗೆಗೆ ಬೇರು ಅಲ್ಲಿದೆ.

ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1980ರ ದಶಕದಲ್ಲಿ ಮತ್ತೆ ಅದೇ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎಲ್ಲಿ ನಿಲ್ಲಬೇಕು ಎಂಬುದು ಎಷ್ಟು ದೊಡ್ಡ ವಿಷಯ ಎಂದು ನನಗೆ ತಿಳಿದದ್ದು ಆಗ. ನೀವು ಆ ಊರಿನಲ್ಲಿಯೇ ಇದ್ದೀರಿ. ನಮಗೆ ವರ್ಷಕ್ಕೊಮ್ಮೆ ಸಿಗುವುದು ನಿಮಗೆ ಪ್ರತಿ ಭಾನುವಾರ ಸಿಗುತ್ತದೆ.

ಆನೆಗೊಂದಿ ದಡ · ನವೆಂಬರ್ 7, ಸಂಜೆ 6.30

ಟೀಚರ್, ಮುಂದಿನ ಸಲ ಮಾತಂಗದ ಮೇಲೆ ಸೂರ್ಯ ಮೂಡಿದ ಹತ್ತು ನಿಮಿಷದ ಬಳಿಕ ಹಿಂದಿರುಗಿ ನೋಡಿ. ಎಲ್ಲರೂ ಸೂರ್ಯನ ಕಡೆಗೇ ಕ್ಯಾಮೆರಾ ಹಿಡಿದಿರುತ್ತಾರೆ. ವಿರೂಪಾಕ್ಷನ ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಎಳೆಬಿಸಿಲು ನೇರವಾಗಿ ಅದರ ಮುಖಕ್ಕೇ ಬೀಳುತ್ತದೆ, ಹಂಪಿ ಬಜಾರಿನ ಉದ್ದಕ್ಕೂ ಕಲ್ಲಿನ ಮಂಟಪಗಳು ಬೆಳಗುತ್ತವೆ. ಆಗ ಆಕಾಶ ಮತ್ತು ಕಲ್ಲಿನ ನಡುವೆ ಬೆಳಕಿನ ಅಂತರ ಕಡಿಮೆ, ಒಂದೇ ಫೋಟೋದಲ್ಲಿ ಎರಡೂ ಬರುತ್ತವೆ. ಯಾವ ಹೊಲಿಗೆಯೂ ಬೇಡ.

ಹೇಮಕೂಟದ ಮೇಲಿನಿಂದಾದರೆ ಗೋಪುರ ನಿಮ್ಮ ಉತ್ತರಕ್ಕೆ ಬರುತ್ತದೆ. ಬೆಳಿಗ್ಗೆ ಬಲಗಡೆಯಿಂದ, ಸಂಜೆ ಎಡಗಡೆಯಿಂದ ಬೆಳಕು. ಪಕ್ಕದ ಬೆಳಕಿನಲ್ಲಿ ಬಂಡೆಯ ಉಬ್ಬು, ತಗ್ಗು, ಬಿರುಕು ಎಲ್ಲ ಎದ್ದು ಬರುತ್ತವೆ. ನೆತ್ತಿಯ ಬಿಸಿಲಿನಲ್ಲಿ ಅದೇ ಬಂಡೆ ಚಪ್ಪಟೆ.

ಒಂದು ಎಚ್ಚರಿಕೆ. ನಸುಕಿನಲ್ಲಿ ಒಬ್ಬರೇ ಬೆಟ್ಟ ಹತ್ತಬೇಡಿ. ನಮ್ಮ ಕಡೆ ಚಿರತೆ, ಕರಡಿ ಎರಡೂ ಇವೆ. ಹೊಳೆಯ ಬಂಡೆಗಳ ಮೇಲೆ ಟ್ರೈಪಾಡ್ ಇಡುವ ಮೊದಲು ಅಣೆಕಟ್ಟೆಯಿಂದ ನೀರು ಬಿಡುತ್ತಾರೆಯೇ ಎಂದು ತೆಪ್ಪದವರನ್ನು ಕೇಳಿ. ಸ್ಮಾರಕಗಳ ಒಳಗೆ ಟ್ರೈಪಾಡ್ ಹಾಕುವ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳುವುದು ಒಳ್ಳೆಯದು.

ಹೊಸಪೇಟೆ ಟೀಚರ್ · ನವೆಂಬರ್ 10, ರಾತ್ರಿ 9.15

ನಿನ್ನೆ ಹೋಗಿದ್ದೆವು. ಹಿಂದಿರುಗಿ ನೋಡಿದೆ! ಗೋಪುರದ ಮೇಲೆ ಬೆಳಕು ಬಿದ್ದ ಕ್ಷಣ ತಮ್ಮನೇ ಮೊದಲು ಕೂಗಿದ. ಫೋಟೋದಲ್ಲಿ ಆಕಾಶ ನೀಲಿಯಾಗಿಯೇ ಇದೆ. ಎಫ್ 8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ರಾ ಫೈಲ್.

ಆದರೆ ಎರಡು ಸಂಕಟಗಳು. ಹೊಂಬಿಸಿಲು ಒಂದು ಗಂಟೆ ಇರುತ್ತದೆ ಎಂದು ಓದಿದ್ದೆ. ಟ್ರೈಪಾಡ್ ಸರಿಪಡಿಸಿಕೊಂಡು, ಜಾಗ ಬದಲಿಸಿ ನಿಲ್ಲುವಷ್ಟರಲ್ಲಿ ಬಿಸಿಲು ಬೆಳ್ಳಗಾಗಿ ಹೋಗಿತ್ತು. ಇನ್ನೊಂದು, ರಾ ಫೈಲ್ ತೆರೆದರೆ ಚಿತ್ರ ಪೇಲವ. ಕ್ಯಾಮೆರಾದ ಪರದೆಯ ಮೇಲೆ ಕಂಡ ಬಣ್ಣವೂ ಇಲ್ಲ, ಕಣ್ಣು ಕಂಡ ಬಣ್ಣವಂತೂ ಇಲ್ಲವೇ ಇಲ್ಲ.

ಎಡಿನ್‌ಬರೊ ಕನ್ನಡಿಗ · ನವೆಂಬರ್ 11, ಮಧ್ಯರಾತ್ರಿ 1.10

ಅಕ್ಕಾ, ಮೊದಲ ಸಂಕಟಕ್ಕೆ ನಾನು ಉತ್ತರಿಸುತ್ತೇನೆ. ನನ್ನೂರು ಗಂಗಾವತಿ. ಈಗಿರುವುದು ಸ್ಕಾಟ್ಲೆಂಡಿನಲ್ಲಿ. ನೀವು ಓದಿದ ಪಾಠಗಳಲ್ಲಿ ಬಹಳಷ್ಟನ್ನು ಬರೆದವರು ನಾನಿರುವಂತಹ ಉತ್ತರದ ನಾಡುಗಳವರು. ಇಲ್ಲಿ ಸೂರ್ಯ ಓರೆಯಾಗಿ ಜಾರುತ್ತಾ ಮುಳುಗುತ್ತಾನೆ. ಜೂನ್ ತಿಂಗಳಲ್ಲಿ ದಿಗಂತದಿಂದ ಆರು ಡಿಗ್ರಿ ಎತ್ತರದಲ್ಲಿದ್ದವನು ಕೆಳಗಿಳಿಯಲು ಒಂದು ಗಂಟೆ ಬೇಕು. ಡಿಸೆಂಬರಿನಲ್ಲಿ ನಡುಹಗಲಿನಲ್ಲಿಯೂ ಹನ್ನೊಂದು ಡಿಗ್ರಿ ಮೇಲೇರುವುದಿಲ್ಲ, ಆದ್ದರಿಂದ ಬಿಸಿಲಿದ್ದ ದಿನವೆಲ್ಲ ಇಳಿಬಿಸಿಲೇ. ನಮ್ಮೂರಿನ ಕಡೆ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಏರುತ್ತಾನೆ, ನೆಟ್ಟಗೆ ಇಳಿಯುತ್ತಾನೆ. ಅದೇ ಆರು ಡಿಗ್ರಿಗೆ ಅಲ್ಲಿ 25ರಿಂದ 27 ನಿಮಿಷ.

ಹಾಗಾಗಿ ನಮ್ಮಲ್ಲಿ ಜಾಗವನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕು. ಟ್ರೈಪಾಡ್ ಎಲ್ಲಿ, ಎಷ್ಟು ಎತ್ತರ, ಯಾವ ಕಲ್ಲು ಮುಂದೆ ಎಂಬುದೆಲ್ಲ ನಿರ್ಧಾರವಾಗಿರಬೇಕು. ಸೂರ್ಯೋದಯಕ್ಕೆ ಮುಕ್ಕಾಲು ಗಂಟೆ ಮೊದಲೇ ಅಲ್ಲಿರಿ. ಕತ್ತಲು ಕರಗುವ ಆ ನೀಲಿ ಹೊತ್ತನ್ನು ಕಳೆದುಕೊಳ್ಳಬೇಡಿ. ಇನ್ನೊಂದು ಮಾತು, ಹಂಪಿಯಲ್ಲಿ ಸೂರ್ಯ ಮೂಡುವ ಜಾಗ ಜೂನ್‌ನಿಂದ ಡಿಸೆಂಬರ್‌ವರೆಗೆ ದಿಗಂತದ ಮೇಲೆ ಸುಮಾರು 48 ಡಿಗ್ರಿ ಸರಿಯುತ್ತದೆ. ಈಗ ನೆರಳಿನಲ್ಲಿರುವ ಬಂಡೆಗೆ ಮೇ ತಿಂಗಳಲ್ಲಿ ಬೆಳಕು ಸಿಗಬಹುದು.

ಇಲ್ಲಿನ ಬೆಳಕು ಚೆನ್ನಾಗಿದೆ, ನಿಜ. ಆದರೆ ಆ ಬಂಡೆಗಳಿಲ್ಲ. ಗೋಪುರದ ಫೋಟೋ ಹಾಕಿ, ಕಾಯುತ್ತಿರುತ್ತೇನೆ.

ಕಚ್ಚಾ ಕಡತ · ನವೆಂಬರ್ 11, ಬೆಳಿಗ್ಗೆ 8.20

ಎರಡನೆಯ ಸಂಕಟ ನನ್ನ ಪಾಲಿನದು. ಕ್ಯಾಮೆರಾದ ಪರದೆ ತೋರಿಸುವುದು ಅದು ತಾನೇ ಬಣ್ಣ, ಚೂಪು ಎಲ್ಲ ಸೇರಿಸಿ ಮಾಡಿದ ಜೆಪೆಗ್. ರಾ ಫೈಲ್ ಎಂದರೆ ಅಡುಗೆಗೆ ಮೊದಲಿನ ತರಕಾರಿ. ಪೇಲವವಾಗಿಯೇ ಇರುತ್ತದೆ, ಇರಬೇಕು.

ಕಂಪ್ಯೂಟರ್ ಇದ್ದರೆ ಡಾರ್ಕ್‌ಟೇಬಲ್ ಅಥವಾ ರಾ ಥೆರಪಿ ಎಂಬ ತಂತ್ರಾಂಶ ಹಾಕಿಕೊಳ್ಳಿ. ಎರಡೂ ಉಚಿತ. ನಾನು ಡಾರ್ಕ್‌ಟೇಬಲ್ ಬಳಸುತ್ತೇನೆ. ನೂರು ಗುಂಡಿಗಳನ್ನು ಕಂಡು ಹೆದರಬೇಡಿ, ಐದಾರು ಸಾಕು. ಮೊದಲು ದಿಗಂತ ನೆಟ್ಟಗೆ ಮಾಡಿ. ನಿಮ್ಮ ಗೋಪುರ ಎಡಕ್ಕೆ ವಾಲಿದ್ದರೆ ಬೇರೆ ಏನು ಮಾಡಿದರೂ ನೋಡುವವರ ಕಣ್ಣು ಅಲ್ಲಿಯೇ ಎಡವುತ್ತದೆ. ಆಮೇಲೆ ವೈಟ್ ಬ್ಯಾಲೆನ್ಸ್, ಎಂದರೆ ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ. ಬಹುಶಃ ನಿಮ್ಮದು ಆಟೋದಲ್ಲಿತ್ತು. ಹೊಂಬಿಸಿಲಿನ ಹಳದಿಯನ್ನು ಕ್ಯಾಮೆರಾ ದೋಷವೆಂದು ಭಾವಿಸಿ ತೊಳೆದುಹಾಕುತ್ತದೆ. ಅದನ್ನು ಹಗಲು ಬೆಳಕಿಗೆ, ಎಂದರೆ ಸುಮಾರು 5,500 ಕೆಲ್ವಿನ್‌ಗೆ ಇಡಿ. ನೀವು ಕಳೆದುಹೋಯಿತು ಎಂದುಕೊಂಡ ಬಣ್ಣದಲ್ಲಿ ಅರ್ಧ ಅಲ್ಲೇ ಮರಳಿ ಬರುತ್ತದೆ. ಅನಂತರ ಒಟ್ಟು ಬೆಳಕು. ಅದಾದ ಮೇಲೆ ಟೋನ್ ಈಕ್ವಲೈಸರ್ ಎಂಬ ಗುಂಡಿಯಲ್ಲಿ ನೆರಳನ್ನು ಮೆಲ್ಲಗೆ ಎತ್ತಿ, ಆಕಾಶವನ್ನು ಸ್ವಲ್ಪ ಇಳಿಸಿ. ಬಣ್ಣದ ತೀವ್ರತೆಗೆ ಕೊನೆಯಲ್ಲಿ ಕೈ ಹಾಕಿ, ಅದೂ ಹಿಡಿತದಲ್ಲಿ. ಕಲ್ಲು ಕಿತ್ತಳೆಯಾದದ್ದು ಅದನ್ನು ಮೊದಲು ಮುಟ್ಟಿದ್ದರಿಂದ.

ಎಡಿಟ್ ಮಾಡಿದ ಕೂಡಲೇ ಯಾರಿಗೂ ಕಳುಹಿಸಬೇಡಿ. ಮರುದಿನ ಬೆಳಿಗ್ಗೆ ಮತ್ತೆ ನೋಡಿ.

ಮಲೆನಾಡ ಮಳೆಗಾಲ · ನವೆಂಬರ್ 14, ಮಧ್ಯಾಹ್ನ 2.00

ಹಂಪಿಯವರ ಮಾತುಕತೆಯಲ್ಲಿ ತೀರ್ಥಹಳ್ಳಿಯಿಂದ ಒಂದು ದನಿ. ಬಿಸಿಲು ಇಲ್ಲದಿದ್ದರೆ ಫೋಟೋ ಇಲ್ಲ ಎಂದುಕೊಳ್ಳಬೇಡಿ. ನಮ್ಮ ಕುಂದಾದ್ರಿಯ ಮೇಲೆ ಚಳಿಗಾಲದ ಬೆಳಿಗ್ಗೆ ಕೆಳಗಿನ ಕಣಿವೆಯೆಲ್ಲ ಮಂಜಿನಲ್ಲಿ ಮುಳುಗಿ, ಗುಡ್ಡದ ನೆತ್ತಿಗಳು ನಡುಗಡ್ಡೆಗಳಂತೆ ತೇಲುತ್ತವೆ. ಆದರೆ ಕ್ಯಾಮೆರಾದ ಮೀಟರ್ ಜಗತ್ತೆಲ್ಲ ಮಧ್ಯಮ ಬೂದು ಎಂದು ನಂಬಿರುತ್ತದೆ. ಬಿಳಿ ಮಂಜನ್ನು ಬೂದಿಯಾಗಿಸಿ ಕೊಡುತ್ತದೆ. ಆಗ ನೀವಾಗಿಯೇ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು.

ಮಳೆಗಾಲದಲ್ಲಿ ಒಂದು ಸಿಪಿಎಲ್, ಎಂದರೆ ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಇಟ್ಟುಕೊಳ್ಳಿ. ಒದ್ದೆ ಎಲೆ, ಒದ್ದೆ ಕಲ್ಲುಗಳ ಮೇಲೆ ಬಿಳಿಯಾಗಿ ಹೊಳೆಯುವ ಪ್ರತಿಫಲನವನ್ನು ಅದು ಒರೆಸಿ ತೆಗೆಯುತ್ತದೆ, ಒಳಗಿನ ಹಸಿರು ಹೊರಗೆ ಬರುತ್ತದೆ. ಬೇರೆಲ್ಲ ಪರಿಣಾಮಗಳನ್ನು ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ಮಾಡಬಹುದು, ಇದೊಂದನ್ನು ಸಾಧ್ಯವಿಲ್ಲ. ಇದು ಒಂದೂವರೆ, ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ತೊರೆಯ ನೀರನ್ನು ಹಾಲಿನ ನೊರೆಯಂತೆ ತೋರಿಸಲು ಅದೂ ಅನುಕೂಲವೇ. ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ಶಟರ್ ತೆರೆದಿಟ್ಟು ನೋಡಿ. ಅದಕ್ಕಿಂತ ಹೆಚ್ಚಾದರೆ ನೀರಿನ ಎಳೆಗಳು ಅಳಿಸಿಹೋಗಿ ಹತ್ತಿಯ ರಾಶಿಯಾಗುತ್ತದೆ. ನನಗೆ ಅದು ಇಷ್ಟವಿಲ್ಲ.

ನನ್ನ ಮೊದಲ ಲೆನ್ಸ್ ಬೂಷ್ಟು ಹಿಡಿದು ಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲದೊಳಗೇ ಇಟ್ಟಿದ್ದೆ. ಮಲೆನಾಡಿಗೆ ಬರುವವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಎರಡನ್ನೂ ತನ್ನಿ. ಇಂಬಳಕ್ಕೆ ಉಪ್ಪು ಅಥವಾ ಹೊಗೆಸೊಪ್ಪು. ಟ್ರೈಪಾಡ್ ಪಕ್ಕದಲ್ಲಿ ಅಲುಗಾಡದೆ ನಿಂತವರ ಕಾಲನ್ನು ಅವು ಬಲು ಬೇಗ ಹುಡುಕುತ್ತವೆ.

ಹೊಸಪೇಟೆ ಟೀಚರ್ · ಡಿಸೆಂಬರ್ 8, ರಾತ್ರಿ 10.00

ಒಂದು ತಿಂಗಳು ಬರೆಯಲಿಲ್ಲ, ಪರೀಕ್ಷೆಗಳಿದ್ದವು. ಭಾನುವಾರಗಳನ್ನು ಮಾತ್ರ ಬಿಡಲಿಲ್ಲ. ಹೇಮಕೂಟದಿಂದ ಸಂಜೆ ತೆಗೆದ ಈ ಫೋಟೋ ಹಾಕಿದ್ದೇನೆ. ಆಕಾಶ ಖಾಲಿಯಾಗಿತ್ತು ಎಂದು ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ ಬಳಿ ತೆಗೆದ ಮೋಡಗಳನ್ನು ಸೇರಿಸಿದೆ. ಈಗಿನ ತಂತ್ರಾಂಶಗಳಲ್ಲಿ ಅದು ಒಂದು ನಿಮಿಷದ ಕೆಲಸ. ಶಾಲೆಯ ಗುಂಪಿನಲ್ಲಿ ಎಲ್ಲರೂ ಬಹಳ ಮೆಚ್ಚಿದರು. ನಿಮ್ಮ ಅಭಿಪ್ರಾಯ ಬೇಕು.

ಆನೆಗೊಂದಿ ದಡ · ಡಿಸೆಂಬರ್ 8, ರಾತ್ರಿ 10.35

ಆ ಸಂಜೆ ನಾನೂ ಹೊಳೆಯ ಈಚೆ ದಡದಲ್ಲಿದ್ದೆ ಟೀಚರ್. ಒಂದು ಮೋಡವೂ ಇರಲಿಲ್ಲ. ಫೋಟೋ ನೋಡಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಆಮೇಲೆ ಗೊತ್ತಾಯಿತು. ಬಂಡೆಗಳ ಮೇಲೆ ಬೆಳಕು ಎಡದಿಂದ ಬಿದ್ದಿದೆ, ಮೋಡಗಳ ಮೇಲೆ ಬಲದಿಂದ.

ಕಂಡದ್ದಷ್ಟೇ · ಡಿಸೆಂಬರ್ 9, ಬೆಳಿಗ್ಗೆ 6.50

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಈಗ ಹೇಳಲೇಬೇಕು. ಎಡಿಟ್ ಎಂಬುದೇ ಸುಳ್ಳಿನ ಮೊದಲ ಮೆಟ್ಟಿಲು. ಬಣ್ಣ ಬದಲಿಸುವವರು ಆಮೇಲೆ ಮೋಡ ಬದಲಿಸುತ್ತಾರೆ, ಕರೆಂಟ್ ಕಂಬ ಅಳಿಸುತ್ತಾರೆ, ಕೊನೆಗೆ ಬೆಟ್ಟವನ್ನೇ ಎತ್ತರಿಸುತ್ತಾರೆ. ಹಂಪಿಯಂತಹ ಊರಿನ ಚಿತ್ರ ನಾಳೆ ಚರಿತ್ರೆಯ ದಾಖಲೆಯಾಗುತ್ತದೆ. ಮೇಡಂ, ನೀವು ಸಮಾಜ ವಿಜ್ಞಾನ ಕಲಿಸುವವರು. ಕ್ಯಾಮೆರಾ ಕೊಟ್ಟದ್ದನ್ನು ಹಾಗೆಯೇ ಇಡಿ.

ಹಳೆಯ ಡಾರ್ಕ್‌ರೂಮ್ · ಡಿಸೆಂಬರ್ 9, ರಾತ್ರಿ 9.30

ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ದಾಖಲೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಕ್ಯಾಮೆರಾ ಕೊಟ್ಟದ್ದೇ ಸತ್ಯ ಎಂಬುದನ್ನು ಒಪ್ಪಲಾರೆ.

ನಾನು ಕೆಂಪು ದೀಪದ ಕೆಳಗೆ ಸಾವಿರಾರು ಪ್ರಿಂಟುಗಳನ್ನು ಮಾಡಿದ್ದೇನೆ. ನೆಗೆಟಿವನ್ನು ಹಿಗ್ಗಿಸಿ ತೋರಿಸುವ ಎನ್‌ಲಾರ್ಜರಿನ ಬೆಳಕು ಬಿದ್ದಷ್ಟೂ ಕಾಗದ ಕಪ್ಪಾಗುತ್ತದೆ. ಆ ಬೆಳಕು ಕಾಗದದ ಮೇಲೆ ಬೀಳುವಾಗ, ಮುಖ ಕಪ್ಪಾಗುತ್ತದೆ ಎನ್ನಿಸಿದರೆ ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಅಡ್ಡ ಹಿಡಿದು ಅಲ್ಲಾಡಿಸುತ್ತಿದ್ದೆ. ಆಕಾಶ ಬಿಳಿಯಾದರೆ ಉಳಿದ ಭಾಗವನ್ನು ಅಂಗೈಯಿಂದ ಮುಚ್ಚಿ ಆಕಾಶಕ್ಕೆ ಇನ್ನೂ ಹತ್ತು ಸೆಕೆಂಡು ಬೆಳಕು. ಕೈ ಒಂದೇ ಕಡೆ ನಿಂತರೆ ಗೆರೆ ಬೀಳುತ್ತಿತ್ತು, ಆ ಪ್ರಿಂಟ್ ಬುಟ್ಟಿಗೆ. ಇವತ್ತಿನ ತಂತ್ರಾಂಶಗಳಲ್ಲಿ ಡಾಡ್ಜ್ (ಬೆಳಗಿಸು), ಬರ್ನ್ (ಕಪ್ಪಾಗಿಸು) ಎಂಬ ಹೆಸರುಗಳು ಉಳಿದಿರುವುದು ಆ ಕತ್ತಲೆ ಕೋಣೆಯಿಂದ.

ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡಿಸ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ತೆಗೆದರು. ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂದು ನೆನಪಿದ್ದುದರಿಂದ ಅದರ ಮೇಲೆಯೇ ಲೆಕ್ಕ ಹಾಕಿ ಒಂದೇ ಒಂದು ನೆಗೆಟಿವ್ ತೆಗೆದರು. ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಹಳ್ಳಿಯ ಸ್ಮಶಾನದ ಶಿಲುಬೆಗಳ ಮೇಲಿನ ಬೆಳಕು ಹೋಗಿತ್ತು. ಆ ಒಂದೇ ನೆಗೆಟಿವ್‌ನಿಂದ ದಶಕಗಳ ಕಾಲ ಮತ್ತೆ ಮತ್ತೆ ಪ್ರಿಂಟ್ ಮಾಡಿದರು. ವರ್ಷ ಕಳೆದಂತೆ ಆಕಾಶವನ್ನು ಕಪ್ಪಾಗಿಸುತ್ತಾ ಹೋದರು. ಆದರೆ ಇನ್ನೊಂದು ಊರಿನ ಚಂದ್ರನನ್ನು ತಂದು ಅಂಟಿಸಲಿಲ್ಲ.

ನನ್ನ ಗೆರೆ ಅಲ್ಲಿದೆ. ಇದ್ದ ಬೆಳಕನ್ನು ಏರಿಸುವುದು, ಇಳಿಸುವುದು ಸರಿ. ಇಲ್ಲದ್ದನ್ನು ತರಬಾರದು. ತಂದರೆ ಅದನ್ನು ಚಿತ್ರದ ಕೆಳಗೆ ಬರೆಯಬೇಕು.

ಟೀಚರ್ ಅವರೇ, ಒಂದು ಅಭ್ಯಾಸ ಹೇಳುತ್ತೇನೆ. ಜಾಗ ಬಿಟ್ಟು ಬರುವ ಮೊದಲು ಸಣ್ಣ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ. ಬಂಡೆಯ ಬಣ್ಣ ಏನಿತ್ತು, ನೆರಳು ನೀಲಿಯೋ ಕಂದೋ, ಅತಿ ಹೆಚ್ಚು ಬೆಳಕು ಎಲ್ಲಿತ್ತು, ಏನನ್ನು ಕಂಡು ಕ್ಯಾಮೆರಾ ಎತ್ತಿದಿರಿ. ಎಡಿಟ್ ಮಾಡುವಾಗ ಆ ಪುಸ್ತಕ ಪಕ್ಕದಲ್ಲಿರಲಿ. ನೆನಪು ಎರಡೇ ದಿನಗಳಲ್ಲಿ ಬಣ್ಣ ಸೇರಿಸುತ್ತದೆ, ಬರಹ ಸೇರಿಸುವುದಿಲ್ಲ.

ಕಂಡದ್ದಷ್ಟೇ · ಡಿಸೆಂಬರ್ 10, ಬೆಳಿಗ್ಗೆ 7.15

ಪುಸ್ತಕದ ಮಾತು ಒಪ್ಪಿದೆ. ಜೆಪೆಗ್ ಮಾಡುವಾಗ ಕ್ಯಾಮೆರಾ ತಾನೇ ಬಣ್ಣ ಸೇರಿಸುತ್ತದೆ ಎಂಬ ಮೇಲಿನ ಮಾತನ್ನೂ ಮತ್ತೆ ಓದಿದೆ. ಹಾಗಿದ್ದರೆ ನಾನು ಹಾಗೆಯೇ ಇಡುತ್ತಿದ್ದುದು ಕ್ಯಾಮೆರಾ ತಯಾರಿಸಿದವರ ಎಡಿಟ್. ಈ ಬಗ್ಗೆ ಇನ್ನೂ ಯೋಚಿಸಬೇಕು.

ಹೊಸಪೇಟೆ ಟೀಚರ್ · ಡಿಸೆಂಬರ್ 10, ರಾತ್ರಿ 9.00

ಆ ಫೋಟೋ ತೆಗೆದುಹಾಕಿದ್ದೇನೆ. ಶಾಲೆಯ ಗುಂಪಿನಲ್ಲಿಯೂ ಮೋಡ ಆ ದಿನದ್ದಲ್ಲ ಎಂದು ತಿಳಿಸಿದೆ. ಮೆಚ್ಚಿದವರಿಗೆ ಬೇಸರವಾಗಲಿಲ್ಲ, ನನಗೆ ಮಾತ್ರ ಬಹಳ ಹೊತ್ತು ಕಸಿವಿಸಿಯಾಯಿತು. ಆನೆಗೊಂದಿಯವರು ನೇರವಾಗಿ ಹೇಳಿದ್ದಕ್ಕೆ ಋಣಿ.

ಈಗ ಒಂದು ನಿರ್ಧಾರ ಮಾಡಿದ್ದೇನೆ. ಗೋಪುರ, ಕಲ್ಲಿನ ರಥ ಇವನ್ನೆಲ್ಲ ಸ್ವಲ್ಪ ದಿನ ಬಿಡುತ್ತೇನೆ. ಕಮಲಾಪುರದಿಂದ ಹಂಪಿಗೆ ಹೋಗುವಾಗ ತುರ್ತಾ ಕಾಲುವೆಯ ಪಕ್ಕ ಬಾಳೆಯ ತೋಟಗಳಿವೆ. ವಿಜಯನಗರದ ಕಾಲದಲ್ಲಿ ತೋಡಿದ ಆ ಕಾಲುವೆಯಲ್ಲಿ ಇಂದಿಗೂ ನೀರು ಹರಿದು ತೋಟಗಳನ್ನು ಬೆಳೆಸುತ್ತಿದೆ. ತರಗತಿಯಲ್ಲಿ ಅದರ ಪಾಠ ಮಾಡುತ್ತೇನೆ, ಆದರೆ ಒಮ್ಮೆಯೂ ಅಲ್ಲಿ ಇಳಿದು ನಿಂತಿರಲಿಲ್ಲ. ಅದೊಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತೇನೆ.

ಎಡಿನ್‌ಬರೊ ಕನ್ನಡಿಗ · ಡಿಸೆಂಬರ್ 11, ಮಧ್ಯರಾತ್ರಿ 12.40

ಒಳ್ಳೆಯ ಜಾಗ ಅಕ್ಕಾ. ಬಾಳೆಯ ಎಲೆಗೆ ಹಿಂದಿನಿಂದ ಬಿಸಿಲು ಬೀಳಲಿ. ಕಲ್ಲಿಗೆ ಪಕ್ಕದ ಬೆಳಕು ಹೇಗೋ ಎಲೆಗೆ ಹಿಂಬೆಳಕು ಹಾಗೆ. ನರನರವೂ ಕಾಣುತ್ತದೆ. ಮತ್ತೆ, 18ರಲ್ಲಿಯೇ ಇರಬೇಡಿ. ಅಗಲವಾಗಿ ತೆಗೆದರೆ ಹಿಂದಿನ ಬಂಡೆಬೆಟ್ಟ ಹುಲ್ಲಿನ ಗುಪ್ಪೆಯಷ್ಟಾಗುತ್ತದೆ. ಹಿಂದೆ ಸರಿದು 55ರಲ್ಲಿ ನೋಡಿ, ಬೆಟ್ಟ ತೋಟದ ಬೆನ್ನಿಗೇ ಬಂದು ನಿಲ್ಲುತ್ತದೆ.

ಹೊಸಪೇಟೆ ಟೀಚರ್ · ಫೆಬ್ರುವರಿ 2, ರಾತ್ರಿ 8.45

ಒಂಬತ್ತನೆಯ ಸಲ ಹೋದಾಗ ಸಿಕ್ಕಿದ ಚಿತ್ರ ಇದು.

ಮೊದಲ ಮೂರು ಸಲ ಗಾಳಿ, ಎಲೆಗಳೆಲ್ಲ ಅಲ್ಲಾಡಿ ಮಸುಕು. ಆಮೇಲೆ ಸಂಜೆ ಬಿಟ್ಟು ಬೆಳಿಗ್ಗೆ ಹೋಗತೊಡಗಿದೆ, ಗಾಳಿ ಇರುತ್ತಿರಲಿಲ್ಲ. ನಾಲ್ಕನೆಯ ಸಲ ಬೆಳಕು ಸರಿಯಿತ್ತು, ನಾನು ನಿಂತ ಜಾಗ ಸರಿಯಿರಲಿಲ್ಲ. ಎದ್ದು ನಿಂತು ತೆಗೆದರೆ ಕಾಲುವೆ ಒಂದು ಪಟ್ಟಿಯಂತೆ ಕಾಣುತ್ತಿತ್ತು. ದಡದಲ್ಲಿ ಕುಳಿತು ಕ್ಯಾಮೆರಾವನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿದಾಗ ನೀರಿನಲ್ಲಿ ಬೆಟ್ಟ ಇಡಿಯಾಗಿ ಕಂಡಿತು. ತೋಟದ ಯಜಮಾನರು ಪ್ರತಿ ವಾರ ಬರುವ ನನ್ನನ್ನು ನೋಡಿ ಸರ್ವೆಯವಳು ಎಂದುಕೊಂಡಿದ್ದರಂತೆ. ಈಗ ಅವರೇ ಚಹಾ ತಂದುಕೊಡುತ್ತಾರೆ.

ಲೆನ್ಸ್ 42ರಲ್ಲಿ, ಎಫ್ 11, ಐಎಸ್‌ಒ 100, ಹದಿನೈದನೇ ಒಂದು ಸೆಕೆಂಡು, ಟ್ರೈಪಾಡ್. ಪುಸ್ತಕದಲ್ಲಿ ಬರೆದದ್ದು ಹೀಗಿದೆ: "ಬಂಡೆ ಬೂದು, ಬಿಸಿಲು ಬಿದ್ದ ಕಡೆ ಮಾತ್ರ ಗುಲಾಬಿ. ನೆರಳಿನಲ್ಲಿ ನೀಲಿ. ಎಲೆ ಹಸಿರಿಗಿಂತ ಹಳದಿ ಹೆಚ್ಚು. ನೀರು ಬಹುತೇಕ ಕಪ್ಪು." ಎಡಿಟ್ ಮಾಡುವಾಗ ತಂತ್ರಾಂಶ ಎಲೆಗಳನ್ನು ಕಡುಹಸಿರಾಗಿ ತೋರಿಸಿತು. ಪುಸ್ತಕ ನೋಡಿ ಹಸಿರನ್ನು ಹಳದಿಯ ಕಡೆಗೆ ಸ್ವಲ್ಪ ತಿರುಗಿಸಿದೆ. ನೀರನ್ನು ಹಾಗೆಯೇ ಬಿಟ್ಟೆ. ಆಕಾಶದಲ್ಲಿ ಮೋಡವಿಲ್ಲ. ಅದಕ್ಕೆ ಆಕಾಶವನ್ನು ಮೇಲಂಚಿನಲ್ಲಿ ಬೆರಳಗಲ ಮಾತ್ರ ಉಳಿಸಿಕೊಂಡೆ.

ಯಜಮಾನರು ಒಂದು ಪ್ರತಿ ಕೇಳಿದ್ದಾರೆ. ಪ್ರಿಂಟ್ ಮಾಡಿಸುವುದು ಹೇಗೆ?

ಹಳೆಯ ಡಾರ್ಕ್‌ರೂಮ್ · ಫೆಬ್ರುವರಿ 2, ರಾತ್ರಿ 9.50

ಬಹಳ ಹೊತ್ತು ನೋಡಿದೆ ತಂಗಿ. ಆ ಕಪ್ಪು ನೀರನ್ನು ಮುಟ್ಟದೆ ಬಿಟ್ಟಿದ್ದೀರಲ್ಲ, ಅದಕ್ಕೆ ಹಿಡಿತ ಬೇಕು.

ಪ್ರಿಂಟಿಗೆ 12×18 ಅಂಗುಲ ಸಾಕು. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಆದ್ದರಿಂದ ಪ್ರಿಂಟಿಗಾಗಿ ಇನ್ನೊಂದು ಪ್ರತಿ ಮಾಡಿ, ಒಟ್ಟು ಬೆಳಕನ್ನು ಸ್ವಲ್ಪ ಏರಿಸಿ. ಎಷ್ಟು ಎಂದು ತಿಳಿಯಲು ಮೊದಲು ಒಂದು ಪೋಸ್ಟ್‌ಕಾರ್ಡ್ ಅಳತೆಯದನ್ನು ಮಾಡಿಸಿ, ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಮ್ಯಾಟ್ ಕಾಗದ ಕೇಳಿ, ಹೊಳೆಯುವ ಕಾಗದದಲ್ಲಿ ಆ ನೀರಿನ ಮೇಲೆ ಕೋಣೆಯ ಕಿಟಕಿಯೇ ಕಾಣುತ್ತದೆ. ಫೈಲನ್ನು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾದರಿಯಲ್ಲಿ ಕೊಡಿ. ಮುಖ್ಯವಾಗಿ, ಲ್ಯಾಬಿನವರು ಯಂತ್ರದ ತಿದ್ದುಪಡಿ ಹಾಕದಂತೆ ಹೇಳಿ. ಇಲ್ಲದಿದ್ದರೆ ನಿಮ್ಮ ಹಳದಿ ಎಲೆ ಮತ್ತೆ ಕಡುಹಸಿರಾಗಿ ಬರುತ್ತದೆ.

ಹೊಸಪೇಟೆ ಟೀಚರ್ · ಫೆಬ್ರುವರಿ 17, ರಾತ್ರಿ 8.20

ಪ್ರಿಂಟ್ ಬಂತು. ಪೋಸ್ಟ್‌ಕಾರ್ಡ್ ಎರಡು ಸಲ ಮಾಡಿಸಿದೆ, ಮೊದಲನೆಯದು ನೀವು ಹೇಳಿದಂತೆ ಕಪ್ಪಾಗಿತ್ತು. ನಿನ್ನೆ ಬೆಳಿಗ್ಗೆ ದೊಡ್ಡದನ್ನು ತೋಟಕ್ಕೆ ತೆಗೆದುಕೊಂಡು ಹೋದೆ. ಯಜಮಾನರು ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಎರಡೂ ಅಂಚು ಹಿಡಿದು ನೋಡಿದರು. ಬೆಟ್ಟವನ್ನಲ್ಲ, ನೀರನ್ನೂ ಅಲ್ಲ. ಎಡಗಡೆಯ ಮೂಲೆಯಲ್ಲಿ, ನಾನು ಇದುವರೆಗೆ ಗಮನಿಸದೇ ಇದ್ದ ಒಂದು ಗೊನೆಯ ಮೇಲೆ ಬೆರಳಿಟ್ಟು ಹೇಳಿದರು: "ಇದನ್ನು ಕಡಿದು ಹತ್ತು ದಿನವಾಯಿತು."